ಹಾಲ್ಡೋರನ ಎಡಗಣ್ಣು

ವಿನಿಪೆಗ್ ನಗರದ ಉತ್ತರ ಭಾಗದಲ್ಲಿ ಓರೆಸ್ಟ್ ಬೋಯ್ಚುಕ್ ಅಂದರೆ ಗೊತ್ತಿಲ್ಲದವರಿಲ್ಲ. ಸೆಲ್ಕರ್ಕ್ ಬೀದಿಯಲ್ಲಿ ಅವನದು ಹಲ್ಲು ಕಟ್ಟುವ ಅಂಗಡಿ. ಅತ್ತ ಉಕ್ರೇನಿಯನ್ನರ ಚರ್ಚು, ಇತ್ತ ಬೇಕರಿ, ನಡುವೆ ಇವನ ಹಲ್ಲು. ಭಾನುವಾರ ಚರ್ಚಿನಲ್ಲಿ ಹಾಡುವ ಮುದುಕ ಮುದುಕಿಯರಲ್ಲಿ ಅರ್ಧಕ್ಕರ್ಧ ಜನ ಓರೆಸ್ಟ್ ಕಟ್ಟಿಕೊಟ್ಟ ಹಲ್ಲಿನಲ್ಲೇ ದೇವರನ್ನು ಹೊಗಳುತ್ತಿದ್ದರು.

ಅವನಿಗೆ ಒಬ್ಬಳೇ ಮಗಳು, ಸ್ತೆಫಾ. ತಾಯಿ ಇಲ್ಲದ ಮನೆ. ಅಪ್ಪ ಹಲ್ಲಿನ ಅಚ್ಚಿಗೆ ಮೇಣ ಕರಗಿಸುವಾಗ ಉಳಿದ ತುಂಡು ಮೇಣದಲ್ಲಿ ಕುದುರೆ, ಕೋಳಿ ಮಾಡುತ್ತ ಬೆಳೆದ ಹುಡುಗಿ. ಆಮೇಲೆ ಬಣ್ಣ ಹಿಡಿದಳು. ಅಂಗಡಿಯ ಹಿಂದಿನ ಗೋಡೆ, ಅಡಿಗೆಮನೆಯ ಬಾಗಿಲು, ಅಪ್ಪನ ಹಳೇ ವ್ಯಾನು, ಯಾವುದನ್ನೂ ಬಿಡಲಿಲ್ಲ. ಅವಳು ಕಾಲೇಜಿಗೆ ಸೇರುವ ವರ್ಷ ಅಪ್ಪ ಕೂರಿಸಿಕೊಂಡು ಹೇಳಿದ.

"ನೋಡು, ಸರ್ಕಾರ ಬೀಳುತ್ತೆ, ಬ್ಯಾಂಕು ಬೀಳುತ್ತೆ, ಹಲ್ಲಂತೂ ಬಿದ್ದೇ ಬೀಳುತ್ತೆ. ಹಲ್ಲನ್ನ ನಂಬಿದೋರು ಯಾವತ್ತೂ ಕೆಟ್ಟಿಲ್ಲ. ದಂತ ತಂತ್ರಜ್ಞಾನ ತಗೋ."

"ಮತ್ತೆ ಚಿತ್ರ, ಟಾಟೊ?" ಅಪ್ಪನನ್ನು ಅವಳು ಕರೆಯುವುದು ಹಾಗೆ.

"ಭಾನುವಾರ ಬರಿ. ಬೇಡ ಅಂದೋರು ಯಾರು?"

ಭಾನುವಾರಕ್ಕೆ ಒಪ್ಪುವ ಹುಡುಗಿ ಅವಳಲ್ಲ. ಜಗಳವನ್ನೂ ಆಡಲಿಲ್ಲ. ಕಾಲೇಜಿಗೆ ಹೋಗಿ ದಂತ ತಂತ್ರಜ್ಞಾನವನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡಳು, ಚಿತ್ರಕಲೆಯನ್ನು ಅದರ ಪಕ್ಕದಲ್ಲೇ ಇಟ್ಟಳು. ಎರಡೂ ವಿಭಾಗಗಳ ನಡುವೆ ಒಂದು ನದಿ, ಒಂದು ಸೇತುವೆ. ಬೆಳಿಗ್ಗೆ ಪ್ಲಾಸ್ಟರ್ ಮೆತ್ತಿದ ಕೈ, ಮಧ್ಯಾಹ್ನ ಎಣ್ಣೆಬಣ್ಣ ಮೆತ್ತಿದ ಕೈ. ದಂತದ ಹುಡುಗರು ಅವಳು ಬಂದರೆ "ದಾರಿ ಬಿಡ್ರೋ, ಕಲಾವಿದೆ ಅಮ್ಮಾವ್ರು ಬಂದ್ರು" ಅನ್ನುತ್ತಿದ್ದರು. ಚಿತ್ರಶಾಲೆಯವರು "ಹಲ್ಲಿನ ಡಾಕ್ಟ್ರೇ, ನನಗೊಂದು ದವಡೆ ನೋವು" ಅಂತ ಬಾಯಿ ತೆರೆದು ತೋರಿಸುತ್ತಿದ್ದರು. ಅಲ್ಲಿ ಅವಳು ಕಲಾವಿದೆ, ಇಲ್ಲಿ ಹಲ್ಲಿನ ಡಾಕ್ಟರು. ಅವಳಿಗೆ ಎರಡೂ ನಗು ತರಿಸುತ್ತಿದ್ದವು. ತನಗೆ ಎರಡೂ ಬರುತ್ತವೆ ಅನ್ನುವುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

ತೊಡಕು ಬಂದದ್ದು ಕೊನೆಯ ವರ್ಷ. ಕೊನೆಯ ಅವಧಿಯಲ್ಲಿ ದಂತ ವಿಭಾಗದವರು ಯಾವುದಾದರೊಂದು ಕಾರ್ಯಾಗಾರದಲ್ಲಿ ಕೂತು ಕೆಲಸ ಮಾಡಿ ಬರಬೇಕು. ಚಿತ್ರಕಲೆಯವರು ಅದೇ ತಿಂಗಳುಗಳಲ್ಲಿ ತಮ್ಮದೇ ಪ್ರದರ್ಶನಕ್ಕೆ ಚಿತ್ರಗಳನ್ನು ಸಿದ್ಧ ಮಾಡಬೇಕು. ಎರಡಕ್ಕೂ ಇಡೀ ದಿನ ಬೇಕು. ಚಿತ್ರಕಲೆಯ ಪ್ರೊಫೆಸರ್ ಲಾವಲೆ ಅವಳನ್ನು ಕರೆಸಿಕೊಂಡರು. ನದಿಯಾಚೆಯ ಫ್ರೆಂಚ್ ಪೇಟೆಯ ಮನುಷ್ಯ, ಮಾತು ಯಾವತ್ತೂ ಹರಿತ.

"ಸ್ತೆಫಾ, ಎರಡು ದೋಣಿ ಮೇಲೆ ಕಾಲಿಟ್ಟೋರ ಗತಿ ಗೊತ್ತಲ್ಲ?"

"ಸರ್, ಈಗ ಜನವರಿ. ನದಿ ಹೆಪ್ಪುಗಟ್ಟಿದೆ. ದೋಣಿ ಯಾಕೆ, ನಡ್ಕೊಂಡೇ ದಾಟ್ತೀನಿ."

ಲಾವಲೆ ನಗಲಿಲ್ಲ ಅಂತಲ್ಲ, ಮೀಸೆಯೊಳಗೆ ನಕ್ಕರು. "ಏಪ್ರಿಲ್‌ಗೆ ನದಿ ಒಡೆಯುತ್ತೆ, ಮರೀಬೇಡ. ಆಗ ಬಂದು ಅತ್ತರೆ ನಾನು ಕರವಸ್ತ್ರ ಕೊಡಲ್ಲ."

ಆ ವಾರವೇ ಊರಿಗೆ ದೊಡ್ಡ ಹಿಮಗಾಳಿ ಹೊಡೆಯಿತು. ರಸ್ತೆಗಳು ಮುಚ್ಚಿದವು, ಲಾರಿಗಳು ಬರಲಿಲ್ಲ. ಸ್ತೆಫಾ ಅಪ್ಪನ ಅಂಗಡಿಯ ಗಲ್ಲಾದಲ್ಲಿ ಕೂತಿದ್ದಾಗ ಮೊಣಕಾಲುದ್ದ ಹಿಮದಲ್ಲಿ ಎತ್ತರದ ಹೆಂಗಸೊಬ್ಬರು ಒಳಗೆ ಬಂದು ಬೂಟು ಜಾಡಿಸಿದರು. ಐವತ್ತು ದಾಟಿದ ವಯಸ್ಸು, ಬಿಗಿಯಾಗಿ ಕಟ್ಟಿದ ಬಿಳಿ ಕೂದಲು.

"ಓರೆಸ್ಟ್ ಇದ್ದಾನಾ? ನನ್ನ ಅಕ್ರಿಲಿಕ್ ಪುಡಿ ಲಾರಿಯಲ್ಲೇ ಸಿಕ್ಕಿಹಾಕಿಕೊಂಡಿದೆ. ಒಂದು ಡಬ್ಬಿ ಕಡ ಕೊಡ್ತಾನಾ ಕೇಳು."

"ನೀವೂ ಹಲ್ಲು ಕಟ್ತೀರಾ?"

"ಇಲ್ಲ, ಕಣ್ಣು."

ಅವರು ಕೈಚೀಲದಿಂದ ಒಂದು ಚಿಕ್ಕ ತಗಡಿನ ಡಬ್ಬಿ ತೆಗೆದು ಮುಚ್ಚಳ ಎತ್ತಿದರು. ಹತ್ತಿಯ ಮೇಲೆ ಒಂದು ಕಣ್ಣು ಮಲಗಿತ್ತು. ಚಿಪ್ಪಿನಂತೆ ತೆಳ್ಳಗೆ ಬಾಗಿದ, ಹಸಿರು ಕಂದು ಬೆರೆತ ಕಣ್ಣು. ಬಿಳಿಯ ಮೂಲೆಯಲ್ಲಿ ಕೆಂಪು ನರಗಳು ಹರಿದಿದ್ದವು. ಸ್ತೆಫಾ ಉಸಿರು ಬಿಗಿಹಿಡಿದು ಬಗ್ಗಿದಳು. ಅದು ತನ್ನನ್ನೇ ನೋಡುತ್ತಿದೆ ಅನ್ನಿಸಿತು. ಅಪ್ಪ ಹಲ್ಲು ಎರೆಯುವ ಅದೇ ಪುಡಿ, ಅಪ್ಪನ ಅಂಗಡಿಯ ಮೇಣ, ಅದೇ ಅಚ್ಚು, ಅದೇ ಹೊಳಪು. ಆದರೆ ಇದು ಚಿತ್ರ!

ಅವರ ಹೆಸರು ಮಿನಾ ಡಿಕ್. ಊರಿನಲ್ಲಿ ಕೃತಕ ಕಣ್ಣು ಮಾಡುವ ಕಾರ್ಯಾಗಾರ ಅವರದು. ಪುಡಿಯ ಡಬ್ಬಿ ಕೈಗೆ ಕೊಡುವ ಮೊದಲೇ ಸ್ತೆಫಾ ಕೇಳಿಬಿಟ್ಟಳು, "ನನ್ನನ್ನ ಕೆಲಸಕ್ಕೆ ಸೇರಿಸ್ಕೋತೀರಾ? ಕಾಲೇಜಿನ ಅವಧಿ ಮುಗಿಯೋವರೆಗೆ."

"ನಿನ್ನ ಕಣ್ಣಿನ ಬಣ್ಣ ಯಾವುದು?"

"ಕಂದು."

"ಅದು ಪಾಸ್‌ಪೋರ್ಟಿಗೆ ಸಾಕು. ನನಗೆ ಸಾಲದು. ಹಗಲು ಬೆಳಕಲ್ಲಿ ಕನ್ನಡಿ ಹಿಡ್ಕೊಂಡು ಕೂತು ಬಿಡಿಸಿ ತಗೊಂಡ್ ಬಾ. ಅಂಗಿಯ ಗುಂಡಿಯಷ್ಟೇ ಅಗಲ ಇರಲಿ."

ಸ್ತೆಫಾ ಆ ಇಡೀ ವಾರ ಕಿಟಕಿಯ ಬಳಿ ತನ್ನನ್ನು ತಾನೇ ದಿಟ್ಟಿಸುತ್ತ ಕೂತಳು. ಮನೆಗೆ ಬಂದ ನೆಂಟರು ಹುಡುಗಿಗೆ ಸೊಕ್ಕು ಬಂತೆಂದು ಆಡಿಕೊಂಡರು. ಕಂದು ಅಂದುಕೊಂಡದ್ದರೊಳಗೆ ಜೇನಿನ ಬಣ್ಣದ ಕಡ್ಡಿಗಳಿದ್ದವು, ಅಂಚಿನಲ್ಲಿ ಹೊಗೆಯಂಥ ಹಸಿರಿತ್ತು. ಗುಂಡಿಯಷ್ಟು ಬಿಡಿಸಿ ತೆಗೆದುಕೊಂಡು ಹೋದಾಗ ಮಿನಾ ಅದನ್ನು ಅವಳ ಕೆನ್ನೆಗೆ ಹಿಡಿದು ನೋಡಿದರು.

"ಸೋಮವಾರ ಬಾ" ಅಂದರು, ಅಷ್ಟೇ.

ದಂತ ವಿಭಾಗದ ಮುಖ್ಯಸ್ಥೆ ಮೊದಲು ಹುಬ್ಬೇರಿಸಿದರು. ಸ್ತೆಫಾ ಅಚ್ಚು, ಮೇಣ, ಅಕ್ರಿಲಿಕ್, ಕಾಯಿಸುವ ಯಂತ್ರ, ಎಲ್ಲವನ್ನೂ ಮೇಜಿನ ಮೇಲೆ ಹರವಿ, "ಹಲ್ಲಿಗೂ ಕಣ್ಣಿಗೂ ಸಾಮಾನು ಒಂದೇ ಮೇಡಂ, ಇರೋ ಜಾಗ ಮಾತ್ರ ಸ್ವಲ್ಪ ಮೇಲೆ" ಅಂದಳು. ಅವರು ನಕ್ಕು ಒಪ್ಪಿದರು. ಅಪ್ಪ ಮಾತ್ರ ಊಟದ ಮೇಜಿನಲ್ಲಿ ಮೂಗು ಮುರಿದ.

"ಹಲ್ಲಾದ್ರೆ ಬಾಯಿ ತುಂಬ ಇರುತ್ತೆ. ಕಣ್ಣು ಮನುಷ್ಯನಿಗೆ ಎರಡೇ. ಅದರಲ್ಲೂ ಒಂದು ಹೋದೋರು ಮಾತ್ರ ನಿನ್ನ ಹತ್ರ ಬರಬೇಕು. ಇದೆಂಥ ವ್ಯಾಪಾರ?"

"ವ್ಯಾಪಾರ ನಾನು ನೋಡ್ಕೋತೀನಿ. ನೀನು ಆ ಹುಳಿಕ್ರೀಮ್ ಈ ಕಡೆ ತಳ್ಳು."

ಮೊದಲ ವಾರಗಳೆಲ್ಲ ಮಿನಾ ಅವಳಿಗೆ ಕುಂಚ ಕೊಡಲಿಲ್ಲ. ಅಚ್ಚು ತೆಗೆ, ಮೇಣ ಕೆರೆ, ಉಜ್ಜು, ತೊಳೆ. ಆಮೇಲೆ ರೇಷ್ಮೆ ಬಂತು. ಕಣ್ಣಿನ ಬಿಳಿಯ ಮೇಲೆ ನರ ಮೂಡಿಸುವುದು ಕೆಂಪು ರೇಷ್ಮೆದಾರದಿಂದ. ಎಳೆಯನ್ನು ಸೀಳಿ ಸೀಳಿ, ಕಣ್ಣಿಗೇ ಕಾಣದಷ್ಟು ತೆಳ್ಳಗೆ ಮಾಡಿ, ಚಿಮಟದಲ್ಲಿ ಹಿಡಿದು ಮಲಗಿಸಬೇಕು. ಸೀನು ಬಂದರೆ ಬೆಳಗಿನ ಕೆಲಸವೆಲ್ಲ ಹಾರಿಹೋಯಿತು. ಸ್ತೆಫಾಳಿಗೆ ಅದೆಲ್ಲ ಬೇಗ ಕೈಹತ್ತಿತು. ಹಲ್ಲಿನ ಪಾಠದಿಂದ ಬೆರಳು ಗಟ್ಟಿಯಾಗಿತ್ತು, ಚಿತ್ರದ ಪಾಠದಿಂದ ಕಣ್ಣು.

ಫೆಬ್ರುವರಿಯಲ್ಲಿ ಮಿನಾ ಅಂಗಡಿಯ ಮೆಟ್ಟಿಲ ಮೇಲಿನ ಮಂಜುಗಡ್ಡೆಯಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡರು. ಮರುದಿನ ಗಿಮ್ಲಿಯಿಂದ ಒಬ್ಬರು ಬರುವವರಿದ್ದರು. ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಕಟ್ಟಿಕೊಂಡೇ ಮಿನಾ ಹೇಳಿದರು, "ಬಣ್ಣ ನೀನೇ ಹಾಕು. ನಾನು ಪಕ್ಕದಲ್ಲಿ ಕೂತಿರ್ತೀನಿ. ಬಾಯಿ ಮುಚ್ಚಿಕೊಂಡಿರ್ತೀನಿ."

ಬಂದವನು ಹಾಲ್ಡೋರ್. ಗಿಮ್ಲಿ ಊರಿನ ಐಸ್‌ಲ್ಯಾಂಡ್ ಮೂಲದ ಮೀನುಗಾರ, ಎಪ್ಪತ್ತರ ಹತ್ತಿರದವನು. ಚಳಿಗಾಲದಲ್ಲಿ ಸರೋವರದ ಮಂಜುಗಡ್ಡೆ ಕೊರೆದು ಬಲೆ ಇಳಿಸುವವರಲ್ಲಿ ಒಬ್ಬ. ಹೋದ ವರ್ಷ ಬಲೆಯ ಹಗ್ಗ ಕಿತ್ತುಬಂದು ಅದರ ಕೊಕ್ಕೆ ಅವನ ಎಡಗಣ್ಣನ್ನು ತೆಗೆದಿತ್ತು. ಆಮೇಲೆ ಕರೀ ಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದ. ಜೊತೆಯಲ್ಲಿ ಹೆಂಡತಿ ಥೋರಾ, ಗಿಡ್ಡ ಆಳು, ಗಟ್ಟಿ ಗಂಟಲು.

"ಎಷ್ಟು ಸಲ ಹೇಳಿದೆ, ಪಟ್ಟಿ ಬಿಡು ಅಂತ. ಕಡಲುಗಳ್ಳ ಇದ್ದ ಹಾಗೆ ಇದ್ದಾನೆ. ಮೊಮ್ಮಕ್ಕಳು ಇವನನ್ನ ನೋಡಿ ಕತ್ತಿ ಎಲ್ಲಿ ಅಂತ ಕೇಳ್ತಾವೆ" ಅಂದಳು.

"ಕಣ್ಣಿನ ಬಣ್ಣ?" ಅಂತ ಸ್ತೆಫಾ ಕೇಳಿದಾಗ ಹಾಲ್ಡೋರ್ ಎದೆ ಉಬ್ಬಿಸಿದ.

"ನೀಲಿ. ನಮ್ಮ ಮನೆತನದಲ್ಲಿ ಎಲ್ಲರದೂ ನೀಲಿ. ನನ್ನ ಕಣ್ಣು ನೋಡೇ ಇವಳು ನನ್ನ ಬೆನ್ನು ಹತ್ತಿದ್ದು."

"ಬೆನ್ನು ಹತ್ತಿದ್ದು ಯಾರು ಅಂತ ಇಡೀ ಗಿಮ್ಲಿಗೇ ಗೊತ್ತು" ಅಂದಳು ಥೋರಾ.

ಸ್ತೆಫಾಳ ಮನಸ್ಸಿನಲ್ಲಿ ಆಗಲೇ ಒಂದು ಚಿತ್ರ ಮೂಡಿಬಿಟ್ಟಿತ್ತು. ಬಿಸಿಲು ಬಿದ್ದ ಸರೋವರ, ಗಾಳಿಗೆ ಗಟ್ಟಿಯಾದ ಮುಖ, ಅದರಲ್ಲಿ ನೀಲಿ ಕಣ್ಣು. ಅಂಥ ನೀಲಿ ಹಾಕಲು ಅವಳ ಬೆರಳುಗಳು ತವಕಿಸುತ್ತಿದ್ದವು. ಎದುರಿಗೆ ಮುದುಕನ ಬಲಗಣ್ಣು ಇದ್ದೇ ಇತ್ತು, ನೋಡಲೂ ನೋಡಿದಳು. ಆದರೆ ಕುಂಚ ಅದ್ದಿದ ಮೇಲೆ ಮನಸ್ಸಿನ ಚಿತ್ರವೇ ಮುಂದೆ ನಿಂತಿತು. ಪದರ ಪದರವಾಗಿ ನೀಲಿ ಹಾಕಿದಳು, ಪಾಪೆಯ ಸುತ್ತ ತೆಳು ಹೊಂಬಣ್ಣ ಹಾಕಿದಳು. ಮಿನಾ ಮಾತಿನಂತೆ ಬಾಯಿ ಮುಚ್ಚಿಕೊಂಡಿದ್ದರು. ಮುಂದಿನ ಭೇಟಿಯ ಹೊತ್ತಿಗೆ ಕಣ್ಣು ಸಿದ್ಧವಾಯಿತು. ಅಂಗೈಯಲ್ಲಿಟ್ಟು ನೋಡಿದರೆ ಅಷ್ಟು ಚೆಂದದ ವಸ್ತುವನ್ನು ಅವಳು ಅದುವರೆಗೆ ಮಾಡಿರಲಿಲ್ಲ.

ಕಣ್ಣನ್ನು ರೆಪ್ಪೆಯೊಳಗೆ ಕೂರಿಸಿ ಅವಳು ಹಿಂದೆ ಸರಿದು ನೋಡಿದಳು. ಸುಕ್ಕುಗಟ್ಟಿದ ಮುಖದ ಒಂದು ಕಡೆ ವ್ಯಾನಿನ ದೀಪ ಹೊತ್ತಿಸಿದ ಹಾಗಿತ್ತು.

ಹಾಲ್ಡೋರ್ ಕನ್ನಡಿ ಹಿಡಿದು ಕುಣಿದಾಡಿದ. "ಆಹಾ! ಇದು ನನ್ನ ಮದುವೆ ದಿನದ ಕಣ್ಣು ಕಣೇ, ಥೋರಾ, ನೋಡು!"

ಥೋರಾ ಅತ್ತ ನೋಡಿದಳು, ಇತ್ತ ನೋಡಿದಳು. "ನಾನು ಯಾವುದನ್ನ ನೋಡ್ಲಿ? ಒಬ್ಬನ ಜೊತೆಗೇ ಸಾಕಾಗಿದೆ. ಈಗ ಇಬ್ಬರು ಗಂಡಂದಿರು."

"ಹಾಲ್ಡೋರ್ ಅವ್ರೇ, ಇದು ಸರಿಯಾಗಿಲ್ಲ. ತಪ್ಪು ನನ್ನದು. ಇನ್ನೊಂದು ಸಲ ಕೂತ್ಕೊಳ್ಳಿ, ಬೇರೆ ಮಾಡಿಕೊಡ್ತೀನಿ" ಅಂದಳು ಸ್ತೆಫಾ.

"ಕೊಡೋದೇನು, ತೆಗೆಯೋಕೇ ಬಿಡಲ್ಲ. ನನ್ನ ಕಣ್ಣು, ನನ್ನ ಇಷ್ಟ!" ಮುದುಕ ಟೋಪಿ ಹಾಕಿಕೊಂಡು ಹೆಂಡತಿಯನ್ನೂ ಕಾಯದೆ ಹೊರಗೆ ನಡೆದುಬಿಟ್ಟ.

ಥೋರಾಳೂ ಹೊರಟು ಬಾಗಿಲು ಮುಚ್ಚಿದ ಮೇಲೆ ಸ್ತೆಫಾ ಮಿನಾ ಕಡೆ ತಿರುಗಿದಳು. "ನಿಮಗೆ ಮೊದಲೇ ಗೊತ್ತಿತ್ತು. ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನನ್ನ ಮಾತು ಕೇಳಿ ತಿದ್ತಿದ್ದೆ. ಈಗ ನೀನೇ ನೋಡಿದೆ. ನನ್ನ ಮೊದಲ ಕಣ್ಣು ಇದಕ್ಕಿಂತ ಕೆಟ್ಟದಾಗಿತ್ತು, ಗೂಳಿಗೆ ಇಟ್ಟ ಹಾಗಿತ್ತು." ಮಿನಾ ಎಡಗೈಯಲ್ಲೇ ಕಾಫಿ ಬಗ್ಗಿಸಿದರು. "ಏನು ತಪ್ಪಾಯ್ತು ಹೇಳು."

"ನಾನು ಅವರ ಕಣ್ಣು ಬಿಡಿಸಲಿಲ್ಲ. ನನಗೆ ಬೇಕಾದ ಕಣ್ಣು ಬಿಡಿಸಿದೆ."

"ಹೂಂ. ಚಿತ್ರಶಾಲೆಯಲ್ಲಿ ಅದಕ್ಕೆ ಚಪ್ಪಾಳೆ ಬೀಳುತ್ತೆ."

ಸ್ತೆಫಾ ಅಳುವವಳಲ್ಲ. ಸಿಟ್ಟು ಬಂದಿತ್ತು, ಅದೂ ತನ್ನ ಮೇಲೆ. ಆದರೆ ಮಿನಾ ಆಡಿದ ಮಾತನ್ನೂ ಅವಳು ಪೂರ್ತಿ ಒಪ್ಪಲಿಲ್ಲ. ಚಿತ್ರಶಾಲೆಯಲ್ಲೂ ಲಾವಲೆ ಇಂಥ ಚಿತ್ರವನ್ನು ಹರಿದು ಹಾಕುತ್ತಿದ್ದರು. 'ಸೇಬು ಬಿಡಿಸು ಅಂದ್ರೆ ಸೇಬಿನ ಜಾಹೀರಾತು ಬಿಡಿಸಿದ್ದೀಯ' ಅಂತ ಅವರು ಎರಡನೇ ವರ್ಷ ಬೈದದ್ದು ಅವಳಿಗೆ ನೆನಪಿತ್ತು. ಹಾಗಾದರೆ ಎರಡು ಕಡೆಯೂ ಕಲಿತದ್ದನ್ನು ಮರೆತವಳು ತಾನೇ. ಕಲಿತದ್ದು ಮರೆತಿದ್ದರೆ ನೆನಪು ಮಾಡಿಕೊಳ್ಳಬಹುದು. ಇದೇನು ದೊಡ್ಡ ವಿಷಯವಲ್ಲ ಅಂದುಕೊಂಡಳು.

"ಮುದುಕ ಬರದಿದ್ರೆ ನಾನೇ ಗಿಮ್ಲಿಗೆ ಹೋಗ್ತೀನಿ. ಅಚ್ಚು ಹೇಗೂ ನಮ್ಮ ಹತ್ರ ಇದೆ. ಬಿಳಿ ಚಿಪ್ಪು ಇನ್ನೊಂದು ಎರೆದುಕೊಂಡು ಹೋಗ್ತೀನಿ."

"ಬಾಗಿಲು ತೆಗೀದಿದ್ರೆ?"

"ಥೋರಾ ತೆಗೀತಾರೆ."

ಥೋರಾ ತೆಗೆದಳು. ಸರೋವರದ ದಂಡೆಯ ಚಿಕ್ಕ ಮನೆ. ಕಿಟಕಿಯಾಚೆ ಕಣ್ಣು ಹರಿಯುವಷ್ಟು ದೂರವೂ ಹೆಪ್ಪುಗಟ್ಟಿದ ನೀರು, ಅದರ ಮೇಲೆ ಮೋಡ ಮುಸುಕಿದ ಬೆಳಕು. ಹಾಲ್ಡೋರ್ ಅಡಿಗೆಮನೆಯ ಮೇಜಿನ ಬಳಿ ಹರಿದ ಬಲೆ ಹೊಲಿಯುತ್ತ ಕೂತಿದ್ದ. ಎಡಗಣ್ಣಿಗೆ ಮತ್ತೆ ಕರೀ ಪಟ್ಟಿ ಬಂದಿತ್ತು. ನೀಲಿ ಕಣ್ಣು ಕಿಟಕಿಯ ಅಂಚಿನಲ್ಲಿ ಮೊಟ್ಟೆ ಬಟ್ಟಲೊಳಗೆ ಕೂತು ಸರೋವರ ನೋಡುತ್ತಿತ್ತು.

ಸ್ತೆಫಾ ಒಳಗೆ ಬಂದಳು. ಕೋಟು ತೆಗೆದು ಕುರ್ಚಿಗೆ ಹಾಕಿದಳು. ಥೋರಾ ಕಾಫಿಯನ್ನೂ ಒಣಪ್ಲಮ್ಮಿನ ಪದರದ ಕೇಕನ್ನೂ ತಂದಿಟ್ಟಳು. ಅವಳು ಕೇಳುವ ಮೊದಲೇ ಮುದುಕ ತಾನಾಗಿಯೇ ಬಾಯಿ ಬಿಟ್ಟ.

"ಕಾಫಿ ಅಂಗಡೀಲಿ ನಮ್ಮದೊಂದು ಗುಂಪಿದೆ. ಚಿಕ್ಕಂದಿನಿಂದ ಜೊತೆಗೆ ಮೀನು ಹಿಡಿದೋರು. ಪಟ್ಟಿ ಕಟ್ಟಿದಾಗ ನನ್ನ ಮುಖ ನೋಡ್ತಿರಲಿಲ್ಲ, ಕಾಫಿ ಲೋಟ ನೋಡ್ಕೊಂಡು ಮಾತಾಡ್ತಿದ್ರು. ಸರಿ, ಕಣ್ಣು ಬಂತು. ಈಗ ಎಲ್ಲರೂ ಆ ಕಣ್ಣಿನ ಹತ್ರವೇ ಮಾತಾಡ್ತಾರೆ! ಅದಕ್ಕೇ ನಮಸ್ಕಾರ, ಅದಕ್ಕೇ ಜೋಕು. ನಾನು ಈ ಕಡೆ ಇದ್ದೀನ್ರೋ ಅಂತ ಕೈ ಬೀಸಬೇಕು."

"ನಿನಗಿಂತ ಅದೇ ಚೆಂದ ಇದೆಯಲ್ಲ" ಅಂದಳು ಥೋರಾ.

"ಸುಮ್ನಿರೇ." ಮುದುಕ ಬಲೆ ಕೆಳಗಿಟ್ಟ. "ಹುಡುಗಿ, ನೀನು ಬಂದಿರೋದು ಯಾಕೆ ಅಂತ ಗೊತ್ತು. ಆದ್ರೆ ಒಂದು ಮಾತು. ನನಗೆ ಮುದುಕನ ಕಣ್ಣು ಇಡಬೇಡ. ಆ ನೀಲಿ ಹಾಕಿಕೊಂಡಾಗ, ನಗಬೇಡ, ಕನ್ನಡೀಲಿ ಅರ್ಧ ಮುಖ ಇಪ್ಪತ್ತೈದು ವರ್ಷದ್ದು ಕಾಣ್ತು."

ಸ್ತೆಫಾ ನಗಲಿಲ್ಲ. ಅವನ ಎದುರಿಗೆ ಕುರ್ಚಿ ಎಳೆದು, ಬೆಳಕು ಅವನ ಮುಖಕ್ಕೆ ಬೀಳುವಂತೆ ಕೂತಳು.

"ಮುದುಕನ ಕಣ್ಣೂ ಇಡಲ್ಲ, ಹುಡುಗನ ಕಣ್ಣೂ ಇಡಲ್ಲ. ನಿಮ್ಮ ಈ ಕಣ್ಣಿಗೆ ಒಬ್ಬ ಅಣ್ಣನೋ ತಮ್ಮನೋ ಬೇಕು. ಒಂದೇ ಮನೆಯವರ ಹಾಗೆ ಇರಬೇಕು, ಅಷ್ಟೇ. ನೀವು ಬಲೆ ಹೊಲೀತಾ ಇರಿ, ನನ್ನ ಕಡೆ ನೋಡ್ಬೇಡಿ."

ಅವಳು ನೋಡುತ್ತ ಕೂತಳು. ಕಾಫಿ ಆರಿತು. ಥೋರಾ ಗಂಡನನ್ನು ಬೈಯುತ್ತ, ಒಲೆಗೆ ಕಟ್ಟಿಗೆ ಹಾಕುತ್ತ ಓಡಾಡಿದಳು. ಸ್ತೆಫಾಳ ಮನಸ್ಸಿನಲ್ಲಿದ್ದ ಚಿತ್ರ ಮೆಲ್ಲಗೆ ಕರಗಿಹೋಯಿತು, ಎದುರಿಗಿದ್ದ ಕಣ್ಣು ಉಳಿಯಿತು. ಅದು ನೀಲಿಯೇ ಅಲ್ಲ. ಬೂದಿ. ಮೋಡ ಕವಿದ ದಿನದ ಮಂಜುಗಡ್ಡೆಯ ಬೂದಿ ಬಣ್ಣ. ಪಾಪೆಯ ಸುತ್ತ ತುಕ್ಕಿನ ಬಣ್ಣದ ಕಡ್ಡಿಗಳು, ಕೆಳಗಡೆ ಹೆಚ್ಚು, ಮೇಲೆ ಕಡಿಮೆ. ಹೊರ ಅಂಚಿನಲ್ಲಿ ವಯಸ್ಸು ತಂದಿಟ್ಟ ಹಾಲಿನಂಥ ಉಂಗುರ. ಬಿಳಿ ಅನ್ನುವುದು ಬಿಳಿಯಲ್ಲ, ಹಳೇ ಪಿಯಾನೋದ ಕೀಲಿಮಣೆಯ ಹಳದಿ. ಎಷ್ಟೋ ಚಳಿಗಾಲ ಗಡ್ಡೆಯ ಮೇಲಿನ ಬಿಸಿಲಿಗೆ ಕಿರಿದುಮಾಡಿಕೊಂಡ ಕಣ್ಣಿನ ಮೂಲೆಯಲ್ಲಿ ದಪ್ಪ ಕೆಂಪು ನರಗಳು. ಹೋದ ಸಲ ಇವೆಲ್ಲ ಇಲ್ಲೇ ಇದ್ದವು, ತಾನು ನೋಡಿರಲಿಲ್ಲ, ಅಷ್ಟೇ. ಅವಳು ಕುಂಚ ಎತ್ತಿಕೊಂಡಳು.

ಬಿಳಿ ಚಿಪ್ಪಿನ ನಡುವೆ ಕೂರುವ ಚಿಕ್ಕ ಬಿಲ್ಲೆಯ ಮೇಲೆ ಬಣ್ಣ ಕೂರಿಸುತ್ತ ಹೋದಳು. ಮೇಲೆ ಪಾರದರ್ಶಕ ಪದರ ಬಂದಾಗ ಬಣ್ಣ ಹೇಗೆ ಕಾಣುತ್ತದೆಂದು ತಿಳಿಯಲು ಆಗಾಗ ಒಂದು ಹನಿ ನೀರು ಬಿಟ್ಟು ನೋಡುವಳು. ನೀರಿನಡಿಯಲ್ಲಿ ಬೂದಿ ಬಣ್ಣ ಒಮ್ಮೆಲೇ ಆಳವಾಗುತ್ತಿತ್ತು. ಮುದುಕ ಕುತೂಹಲ ತಡೆಯಲಾರದೆ ಬಗ್ಗಿ ನೋಡಿದ.

"ಇದೇನು, ತುಕ್ಕು ಹಿಡಿಸ್ತಿದ್ದೀಯಾ?"

"ನಿಮ್ಮದೇ ತುಕ್ಕು. ನಾನು ಮನೆಯಿಂದ ತಂದಿಲ್ಲ."

ಥೋರಾ ಬಾಯಿಗೆ ಸೆರಗಿನಂತೆ ಅಡಿಗೆಬಟ್ಟೆ ಒತ್ತಿಕೊಂಡು ನಕ್ಕಳು. ಮುದುಕನೂ ನಕ್ಕ. ಸಂಜೆಯ ಬಸ್ಸಿಗೆ ಮೊದಲು ಕೆಂಪು ರೇಷ್ಮೆ ಎಳೆಗಳೂ ಬಿಳಿಯ ಮೇಲೆ ಮಲಗಿದವು.

ಮರುದಿನ ಅದರ ಮೇಲೆ ಪಾರದರ್ಶಕ ಪದರ ಎರೆದು ಕಾಯಿಸಬೇಕಿತ್ತು. ಮಿನಾ ಅವರ ಕಾಯಿಸುವ ಯಂತ್ರ ಅದೇ ದಿನ ಕೈಕೊಟ್ಟಿತು. ಸ್ತೆಫಾ ಡಬ್ಬಿ ಹಿಡಿದು ನೇರ ಅಪ್ಪನ ಅಂಗಡಿಗೆ ಬಂದಳು. ಓರೆಸ್ಟ್ ತನ್ನ ಯಂತ್ರದ ಮುಚ್ಚಳ ತೆಗೆದುಕೊಟ್ಟ. ಬೆಂದು ಆರಿದ ಮೇಲೆ ಅವಳು ಉಜ್ಜುವ ಚಕ್ರಕ್ಕೆ ಹಿಡಿಯಹೋದಾಗ ಮಾತ್ರ ಅಡ್ಡ ಬಂದ.

"ತಾ ಇಲ್ಲಿ. ಹೊಳಪು ಕೊಡೋದು ನನಗೆ ಬಿಡು. ಈ ಊರಲ್ಲಿ ನನ್ನ ಹಾಗೆ ಹೊಳಪು ಕೊಡೋನು ಇನ್ನೊಬ್ಬ ಹುಟ್ಟಿಲ್ಲ."

"ಹಲ್ಲಿನ ಹಾಗೆ ಒತ್ತಬೇಡ, ಟಾಟೊ. ಇದು ತೆಳು."

"ನೀನು ನನಗೆ ಹೇಳಿಕೊಡು!" ಅಂತ ಗೊಣಗುತ್ತ ಓರೆಸ್ಟ್ ಕನ್ನಡಕ ಮೂಗಿಗಿಳಿಸಿ ಚಕ್ರಕ್ಕೆ ಕೂತ. ಬಟ್ಟೆಯ ಚಕ್ರ ಗುಂಯ್ಗುಟ್ಟಿತು. ಒತ್ತಲಿಲ್ಲ, ತಾಗಿಸಿಯೂ ತಾಗಿಸದ ಹಾಗೆ ತಿರುಗಿಸಿದ. ತೊಳೆದು, ಬೆಳಕಿಗೆ ಹಿಡಿದ. ಕಣ್ಣು ಒದ್ದೆಯಾಗಿ ಹೊಳೆಯಿತು. ಅವನು ಅದನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ, ಎಷ್ಟು ಹೊತ್ತಾದರೂ ಕೆಳಗಿಡಲಿಲ್ಲ.

"ಏನಾಯ್ತು?"

"ಏನಿಲ್ಲ. ಇವನು ನನ್ನನ್ನ ನೋಡ್ತಾ ಇದಾನೆ, ಕಣೇ" ಅಂದ. ದನಿ ತಗ್ಗಿತ್ತು. "ವಯಸ್ಸಾದವನು. ತುಂಬ ಚಳಿ ಕಂಡವನು."

ಹಾಲ್ಡೋರನನ್ನು ಅಪ್ಪ ಕಂಡೇ ಇರಲಿಲ್ಲ, ಅವನ ವಿಷಯ ಅವಳು ಮನೆಯಲ್ಲಿ ಹೇಳಿಯೂ ಇರಲಿಲ್ಲ.

ಹಾಲ್ಡೋರ್, ಥೋರಾ ಆ ವಾರದ ಕೊನೆಗೆ ಬಂದರು. ಥೋರಾ ಒಳಗೆ ಬರುವಾಗಲೇ ಗಂಡನ ಮೇಲೆ ಸಿಟ್ಟಾಗಿದ್ದಳು. ದಾರಿಯಲ್ಲಿ ಅವನು ವ್ಯಾನಿನ ಕಿಟಕಿ ತೆಗೆದಿಟ್ಟು ಅವಳಿಗೆ ಶೀತ ತರಿಸಿದ್ದನಂತೆ. ಸ್ತೆಫಾ ಕಣ್ಣನ್ನು ಕೂರಿಸಿ ಹಿಂದೆ ಸರಿದಳು. ಥೋರಾ ಬೈಗುಳದ ನಡುವೆಯೇ ತಿರುಗಿ ಗಂಡನ ಮುಖಕ್ಕೆ ಬೆರಳು ತೋರಿಸಿದಳು.

"ಇನ್ನೊಂದು ಸಲ ಕಿಟಕಿ ತೆಗೆದ್ರೆ ನಡ್ಕೊಂಡು ಬಾ ನೀನು! ಕಿವಿ ಕೇಳ್ತಾ? ಹಾಗೇನು ಪಿಳಿಪಿಳಿ ನೋಡ್ತೀಯ?"

ಅವಳು ಎರಡು ಕಣ್ಣನ್ನೂ ನೋಡಿಯೇ ಬೈಯುತ್ತಿದ್ದಳು. ಅತ್ತ ಇತ್ತ ಹುಡುಕಲಿಲ್ಲ, ತಡವರಿಸಲಿಲ್ಲ. ಬೈದು ಮುಗಿಸಿ ಮೂಗು ಒರೆಸಿಕೊಂಡು, "ಹಾಕೋದು ಯಾವಾಗ? ನಮಗೆ ಬೇಗ ಹೊರಡಬೇಕು" ಅಂತ ಸ್ತೆಫಾಳನ್ನು ಕೇಳಿದಳು.

ಮಿನಾ ಕಾಫಿಯ ಲೋಟದ ಹಿಂದೆ ಮುಖ ಮರೆಸಿಕೊಂಡರು. ಹಾಲ್ಡೋರ್ ಮೆಲ್ಲನೆ ಕನ್ನಡಿ ಎತ್ತಿಕೊಂಡ. ಬಹಳ ಹೊತ್ತು ನೋಡಿದ.

"ನಾನೇ" ಅಂದ. ಆಮೇಲೆ ಇನ್ನೊಮ್ಮೆ, "ನಾನೇ ಇದ್ದೀನಿ."

ಥೋರಾಳಿಗೆ ಆಗ ತಿಳಿಯಿತು. ಹತ್ತಿರ ಬಂದು ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಸ್ತೆಫಾಳ ಎರಡೂ ಕೈಗಳನ್ನು ಹಿಡಿದು ಗಟ್ಟಿಯಾಗಿ ಅದುಮಿದಳು.

"ನೀಲಿ ಕಣ್ಣು ವಾಪಸ್ ಕೊಡ್ತೀರಾ?" ಅಂತ ಅವರು ಹೊರಡುವಾಗ ಸ್ತೆಫಾ ಕೇಳಿದಳು.

"ಖಂಡಿತ ಇಲ್ಲ!" ಅಂದ ಮುದುಕ. "ಮುಂದಿನ ತಿಂಗಳು ಕರ್ಲಿಂಗ್ ಪಂದ್ಯ ಇದೆ. ನಾನು ಗಡ್ಡೆ ಮೇಲೆ ಕಲ್ಲು ಜಾರಿಸೋವಾಗ ಎದುರು ತಂಡದೋರು ಆ ಕಣ್ಣು ನೋಡ್ತಾ ನಿಂತಿರಲಿ."

ಪ್ರದರ್ಶನಕ್ಕೆ ಇನ್ನು ಉಳಿದಿದ್ದ ಕಾಲ ಕಡಿಮೆ. ಬೇರೆ ವಿಷಯ ಹುಡುಕುವ ಗೋಜಿಗೇ ಸ್ತೆಫಾ ಹೋಗಲಿಲ್ಲ. ಮಿನಾ ಅರ್ಧ ದಿನ ಬಿಟ್ಟುಕೊಟ್ಟರು, ಬೆಳಿಗ್ಗೆ ಅವರ ಹತ್ತಿರ ಕೆಲಸ, ಮಧ್ಯಾಹ್ನ ಚಿತ್ರಶಾಲೆ. ಗುಂಡಿಯಷ್ಟು ಅಗಲದಲ್ಲಿ ಕಂಡದ್ದನ್ನು ಬಾಗಿಲಿನಷ್ಟು ದೊಡ್ಡ ಕ್ಯಾನ್ವಾಸುಗಳ ಮೇಲೆ ಹರವಿದಳು. ಬೂದಿ, ತುಕ್ಕು, ಹಾಲಿನ ಉಂಗುರ, ಪಿಯಾನೋದ ಹಳದಿ. ದೂರದಿಂದ ನೋಡಿದರೆ ಹೆಪ್ಪುಗಟ್ಟಿದ ಸರೋವರದ ಮೇಲೆ ಬೆಳಗಾಗುತ್ತಿದೆ ಅನ್ನಬೇಕು, ಹಾಗಿದ್ದವು. ಏಪ್ರಿಲಿನಲ್ಲಿ, ನದಿಯ ಗಡ್ಡೆ ಒಡೆದು ತೇಲಿಹೋಗುತ್ತಿದ್ದ ವಾರ, ಅವನ್ನೆಲ್ಲ ಗೋಡೆಗೆ ತೂಗುಹಾಕಿದಳು.

ಲಾವಲೆ ಕೈ ಹಿಂದೆ ಕಟ್ಟಿಕೊಂಡು ಒಂದೊಂದರ ಮುಂದೆಯೂ ನಿಂತರು. ಕೊನೆಗೆ ಅವಳ ಮುಂದೆ ನಿಂತರು.

"ಇಷ್ಟು ದಿನ ನಿನ್ನ ಚಿತ್ರಗಳಲ್ಲಿ ಜಾಣತನ ಇತ್ತು. ಇವುಗಳಲ್ಲಿ ತಾಳ್ಮೆ ಇದೆ. ಇದನ್ನ ಯಾರು ಕಲಿಸಿದ್ರು? ನಾನಂತೂ ಅಲ್ಲ."

"ನೀವೂ ಸರ್. ಹಲ್ಲಿನೋರೂ. ಗಿಮ್ಲಿಯ ಒಬ್ಬ ಮೀನುಗಾರನೂ."

"ಹಾಗಾದ್ರೆ ನನ್ನ ಪಾಲು ಮೂರರಲ್ಲೊಂದು. ಸರಿ, ಬಿಡಲ್ಲ" ಅಂದು ಅವರು ಕೈ ಕುಲುಕಿದರು.

ಮಿನಾ ಬಂದಿದ್ದರು, ಪ್ಲಾಸ್ಟರ್ ತೆಗೆದ ಕೈ ಇನ್ನೂ ಸಣ್ಣಗಿತ್ತು. ಸುತ್ತುಬಳಸಿ ಮಾತಾಡುವ ಹೆಂಗಸಲ್ಲ. "ಪರೀಕ್ಷೆ ಮುಗಿದ ಮೇಲೆ ನನ್ನ ಹತ್ರ ಶಿಷ್ಯಳಾಗಿ ಸೇರು. ಪೂರ್ತಿ ಕಲಿಯೋಕೆ ವರ್ಷಗಳು ಬೇಕು. ಆಮೇಲೆ ಕಾರ್ಯಾಗಾರ ನಿನಗೇ."

"ಸೇರ್ತೀನಿ. ಆದ್ರೆ ಗುರುವಾರ, ಶುಕ್ರವಾರ ಬರಲ್ಲ. ಆ ಎರಡು ದಿನ ನಾನು ಚಿತ್ರ ಬಿಡಿಸೋ ದಿನ."

"ಒಂದು ದಿನ."

"ಎರಡು, ಮಿನಾ. ಎರಡು ದಿನ ದೊಡ್ಡದಾಗಿ ನೋಡಿದ್ರೇನೇ ಮೂರು ದಿನ ಚಿಕ್ಕದಾಗಿ ಕಾಣೋದು. ಹಾಲ್ಡೋರ್ ಕಣ್ಣಲ್ಲಿ ನೀವೇ ನೋಡಿದ್ರಲ್ಲ ಫಲ."

ಮಿನಾ ಗೋಡೆಯ ಮೇಲಿನ ಬೂದಿ ಬಣ್ಣವನ್ನೊಮ್ಮೆ ನೋಡಿ, ತಲೆಯಾಡಿಸಿದರು. ಎರಡು ದಿನಕ್ಕೆ ಒಪ್ಪಿಗೆಯಾಯಿತು.

ಅಷ್ಟರಲ್ಲಿ ಬಾಗಿಲ ಬಳಿ ಗದ್ದಲ. ಹಾಲ್ಡೋರ್ ಹಳೇ ಸೂಟಿನಲ್ಲಿ ಬಂದಿದ್ದ, ಮುದುಕ ಯಾರೆಂದು ಗೊತ್ತಾದ ಕೂಡಲೇ ಓರೆಸ್ಟ್ ಅವನನ್ನು ಮೂಲೆಗೆ ಎಳೆದುಕೊಂಡು ಹೋಗಿದ್ದ. ಸ್ತೆಫಾ ಹತ್ತಿರ ಹೋಗುವಷ್ಟರಲ್ಲಿ ಅಪ್ಪ ಅವನ ಬಾಯೊಳಗೆ ಇಣುಕುತ್ತಿದ್ದ.

"ಈ ಹಲ್ಲು ಯಾರು ಕಟ್ಟಿದ್ದು ನಿಮಗೆ? ಕುದುರೆ ಡಾಕ್ಟ್ರಾ?"

"ಟಾಟೊ! ಇದು ಪ್ರದರ್ಶನ!"

"ಇರಲಿ. ಇಂಥ ಕಣ್ಣಿನ ಕೆಳಗೆ ಇಂಥ ಹಲ್ಲು ಇರೋಕೆ ನಾನು ಬಿಡಲ್ಲ. ಮುಂದಿನ ವಾರ ಬನ್ನಿ, ಹಾಲ್ಡೋರ್." ಆಮೇಲೆ ಓರೆಸ್ಟ್ ಮಗಳ ತೋಳು ಹಿಡಿದು ಪಕ್ಕಕ್ಕೆ ಕರೆದ. ಅಂಥ ಮಾತನ್ನು ಅವನು ಈವರೆಗೆ ಅವಳಿಗೆ ಆಡಿರಲಿಲ್ಲ, ಆದ್ದರಿಂದ ಸ್ವಲ್ಪ ಕೆಮ್ಮಿ ಶುರುಮಾಡಿದ. "ನೋಡು, ಚರ್ಚಿನ ಗಾಯಕಿ ಒಬ್ಬಳಿಗೆ ಮುಂದಿನ ಹಲ್ಲು ಕಟ್ತಾ ಇದ್ದೀನಿ. ಅವಳ ಉಳಿದ ಹಲ್ಲಿನ ಬಣ್ಣ ನನ್ನ ಮಾದರಿ ಪಟ್ಟಿಯಲ್ಲಿ ಯಾವುದಕ್ಕೂ ಹೊಂದ್ತಿಲ್ಲ. ಹಳದಿ ಅಂದ್ರೆ ಹಳದಿಯಲ್ಲ, ಬೂದಿ ಅಂದ್ರೆ ಬೂದಿಯಲ್ಲ. ನಾಳೆ ಬೆಳಿಗ್ಗೆ ಅಂಗಡಿಗೆ ಬರ್ತಾಳೆ. ನೀನು ಒಂದು ಸಲ ನೋಡ್ತೀಯಾ?"

"ಪಟ್ಟಿ ಬದಿಗಿಡು. ಕಿಟಕಿ ಹತ್ರ ಕೂರಿಸು, ದೀಪ ಆರಿಸು" ಅಂದಳು ಸ್ತೆಫಾ. "ನಾನು ಬಣ್ಣ ತಗೊಂಡು ಬರ್ತೀನಿ."